ಪ್ಲಗ್ ಕಪ್ಪಾದಾಗ, ಮಿಕ್ಸ್ಚರ್ ಸ್ಕ್ರೂಗೆ ಕೈ ಹಾಕುವ ಮೊದಲು

ಪ್ರಶ್ನೆ: ನನ್ನದು 1997ರ ಮಾರುತಿ 800, ಕಾರ್ಬುರೇಟರ್ ಗಾಡಿ. ಮಂಗಳೂರಿನಲ್ಲಿ ಕೊಂಡು ಮಡಿಕೇರಿಗೆ ತಂದು ಎಂಟು ತಿಂಗಳಾಯಿತು. ಲೀಟರಿಗೆ 17 ಕಿ.ಮೀ. ಬರುತ್ತಿದ್ದದ್ದು ಈಗ 11ಕ್ಕೆ ಇಳಿದಿದೆ. ಬೆಳಿಗ್ಗೆ ತಣ್ಣಗಿದ್ದಾಗ ಚೆನ್ನಾಗಿಯೇ ಓಡುತ್ತದೆ. ಬಿಸಿಯಾದ ಮೇಲೆ ಎಲ್ಲಾದರೂ ನಿಲ್ಲಿಸಿದರೆ ಎಂಜಿನ್ ನಡುಗುತ್ತದೆ, ಪೆಟ್ರೋಲ್ ವಾಸನೆ ಹೊಡೆಯುತ್ತದೆ. ಮೂರೂ ಪ್ಲಗ್ ಕಪ್ಪು. ಎಮಿಷನ್ ಟೆಸ್ಟಿನಲ್ಲಿ ಸಿ.ಒ. ಶೇ. 5.8, ಎಚ್.ಸಿ. 950 ಬಂದು ಫೇಲ್ ಆಯಿತು. ಏರ್ ಫಿಲ್ಟರ್ ಬದಲಿಸಿ ಎರಡು ಸಲ ಟ್ಯೂನಿಂಗ್ ಮಾಡಿಸಿದೆ. ‘ಬೆಟ್ಟದ ಮೇಲೆ ಹಳೇ ಗಾಡಿ ಹೀಗೇ’ ಎನ್ನುತ್ತಾರೆ. ಮನೆಯಲ್ಲಿ ನಾನೇ ಏನೇನು ನೋಡಬಹುದು?

ಉತ್ತರ: ನೀವು ಕೊಟ್ಟ ವಿವರದಲ್ಲೇ ಅರ್ಧ ಉತ್ತರ ಇದೆ. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ಕೆಡುವುದು ರಿಚ್ ಮಿಕ್ಸ್ಚರಿನ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾದ ಮಿಶ್ರಣದ) ಗುರುತು. ತಣ್ಣನೆಯ ಎಂಜಿನ್ನಿಗೆ ಹೇಗೂ ಹೆಚ್ಚು ಪೆಟ್ರೋಲ್ ಬೇಕು, ಅದಕ್ಕೇ ಚೋಕ್ ಇರುವುದು. ಗಾಡಿ ತಾನಾಗಿಯೇ ಹೆಚ್ಚು ಪೆಟ್ರೋಲ್ ಸುರಿಯುತ್ತಿದ್ದರೆ ಬೆಳಿಗ್ಗೆ ಆ ದೋಷ ಮುಚ್ಚಿಹೋಗುತ್ತದೆ, ಬಿಸಿಯಾದ ಮೇಲೆ ಬಯಲಾಗುತ್ತದೆ.

ಮೊದಲು ಬೆಟ್ಟದ ವಿಚಾರ ಮುಗಿಸೋಣ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ ಕಡಿಮೆ. ಗಾಳಿ ತೆಳುವಾದಷ್ಟೇ ಪ್ರಮಾಣದಲ್ಲಿ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಪೆಟ್ರೋಲನ್ನು ಕಡಿಮೆ ಮಾಡಿಕೊಳ್ಳುವುದಿಲ್ಲ. ಲೆಕ್ಕ ಹಾಕಿದರೆ ಮಿಶ್ರಣ ಶೇ. 5–6ರಷ್ಟು ಗಟ್ಟಿಯಾಗುತ್ತದೆ. ಹಾಗಾಗಿ ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು: ಶುದ್ಧ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ, ಈ ಬೆರಕೆಗೆ 13.5ರಷ್ಟು ಸಾಕು. 1997ರ ಜೆಟ್‌ಗಳು (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗಗಳು) ಶುದ್ಧ ಪೆಟ್ರೋಲಿಗೆ ಕೊರೆದವು. ಅದೇ ಜೆಟ್ಟಿನಲ್ಲಿ ಇಂದಿನ ಪೆಟ್ರೋಲ್ ಹರಿದರೆ ಮಿಶ್ರಣ ಶೇ. 7–8ರಷ್ಟು ತೆಳುವಾಗಬೇಕು. ಬೆಟ್ಟ ಗಟ್ಟಿ ಮಾಡಿದ್ದನ್ನು ಎಥನಾಲ್ ತೆಳು ಮಾಡಿ ಸರಿದೂಗಿಸುತ್ತದೆ. ಇಷ್ಟಾದ ಮೇಲೂ ಸಿ.ಒ. 5.8 ಬರುತ್ತಿದೆ ಎಂದರೆ ಕಾರಣ ಊರಿನಲ್ಲಿಲ್ಲ, ಗಾಡಿಯಲ್ಲಿದೆ.

ಇನ್ನು ಮೈಲೇಜ್. 17ರಿಂದ 11ಕ್ಕೆ ಇಳಿಯುವುದೆಂದರೆ ಅದೇ ದೂರಕ್ಕೆ ಒಂದೂವರೆ ಪಟ್ಟು ಪೆಟ್ರೋಲ್. ಬರೀ ಮಿಶ್ರಣ ಗಟ್ಟಿಯಾದದ್ದರಿಂದ ಇಷ್ಟಾಗುವುದಿಲ್ಲ. 14.7ರ ಬದಲು 12 ಪಾಲು ಗಾಳಿಗೆ ಬಂದರೂ ಹೆಚ್ಚುವ ಪೆಟ್ರೋಲ್ ಕಾಲು ಭಾಗಕ್ಕಿಂತ ಕಡಿಮೆ. ಅದಕ್ಕಿಂತ ಬಹಳ ಮುಂದೆ ಹೋದರೆ ಎಂಜಿನ್ ಮಿಸ್ಸಿಂಗ್ ಹೊಡೆಯಲು ಶುರುಮಾಡುತ್ತದೆ. ಉಳಿದದ್ದರಲ್ಲಿ ಒಂದು ಪಾಲು ಘಾಟಿಯ ಸೆಕೆಂಡ್ ಗೇರಿಗೆ ಹೋಗಿರಬಹುದು. ಮತ್ತೊಂದು ಪಾಲು ಎಲ್ಲೋ ಉರಿಯದೆ ಸೋರುತ್ತಿರಬಹುದು, ಇಲ್ಲವೇ ಬ್ರೇಕ್ ಹಿಡಿದುಕೊಂಡಿರಬಹುದು. ಸಮತಟ್ಟು ಜಾಗದಲ್ಲಿ ನ್ಯೂಟ್ರಲ್ಲಿಗೆ ಹಾಕಿ ಗಾಡಿ ತಳ್ಳಿ ನೋಡಿ. 800 ಹಗುರ ಗಾಡಿ, ಒಬ್ಬರೇ ತಳ್ಳಿದರೂ ಉರುಳಬೇಕು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಜಾಸ್ತಿ ಕಾದಿದ್ದರೆ ಅಲ್ಲಿ ಬ್ರೇಕ್ ಜಾಮ್ ಆಗಿದೆ. ಅದನ್ನು ಸರಿಮಾಡದೆ ಕಾರ್ಬುರೇಟರ್ ಬಿಚ್ಚಿದರೆ ಮೈಲೇಜ್ ಬರುವುದಿಲ್ಲ.

ಎಮಿಷನ್ ಟೆಸ್ಟಿನ ಚೀಟಿಯನ್ನು ಪಾಸು-ಫೇಲಿಗಷ್ಟೇ ನೋಡಿ ಬಿಸಾಡಬೇಡಿ. ಕೆಲವು ನೂರು ರೂಪಾಯಿಯೊಳಗೆ ಇಷ್ಟು ಒಳ್ಳೆಯ ಮಾಹಿತಿ ಕೊಡುವ ಬೇರೆ ಸಾಧನ ಮನೆ ಕೆಲಸಗಾರನಿಗೆ ಸಿಗುವುದಿಲ್ಲ. ನಿಮ್ಮ ಕಾಲದ ಕಾರಿಗೆ ಮಿತಿ ಸಿ.ಒ. ಶೇ. 3, ಎಚ್.ಸಿ. 1,500 ಪಿಪಿಎಂ. ಸಿ.ಒ. (ಕಾರ್ಬನ್ ಮೋನಾಕ್ಸೈಡ್) ಎಂದರೆ ಗಾಳಿ ಸಾಲದೆ ಅರ್ಧ ಉರಿದ ಪೆಟ್ರೋಲ್, ಎಚ್.ಸಿ. (ಹೈಡ್ರೋಕಾರ್ಬನ್) ಎಂದರೆ ಉರಿಯದೇ ಹೊರಬಿದ್ದದ್ದು. ನಿಮ್ಮಲ್ಲಿ ಸಿ.ಒ. ಮಿತಿಯ ಸುಮಾರು ಎರಡು ಪಟ್ಟು, ಎಚ್.ಸಿ. ಮಿತಿಯೊಳಗೆ. ಅಂದರೆ ಕಿಡಿ ಸರಿಯಾಗಿ ಬೀಳುತ್ತಿದೆ, ಪೆಟ್ರೋಲ್ ಜಾಸ್ತಿಯಾಗಿದೆ. ಸಿ.ಒ. ಕಡಿಮೆಯಿದ್ದು ಎಚ್.ಸಿ. ಮಾತ್ರ ಏರಿದ್ದರೆ ಪ್ಲಗ್, ಕೇಬಲ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ಟ್ಯಾಪೆಟ್ ಕಡೆ ಹೋಗಿ ಎನ್ನುತ್ತಿದ್ದೆ.

ಮುಂದಿನ ಸಲ ಟೆಸ್ಟ್ ಮಾಡುವವರಿಗೆ ಒಂದು ವಿನಂತಿ ಮಾಡಿ: ಐಡ್ಲಿಂಗ್‌ನಲ್ಲಿ ರೀಡಿಂಗ್ ತೆಗೆದ ಮೇಲೆ ಎಂಜಿನ್ನನ್ನು 2,500 ಆರ್‌ಪಿಎಂ ಸುತ್ತ ಅರ್ಧ ನಿಮಿಷ ಹಿಡಿದು ಇನ್ನೊಂದು ರೀಡಿಂಗ್ ಕೊಡಿ ಎಂದು. ಐಡ್ಲಿಂಗ್‌ನಲ್ಲಿ 5.8 ಇದ್ದದ್ದು ರೇಸ್ ಕೊಟ್ಟಾಗ 1ರ ಆಸುಪಾಸಿಗೆ ಬಿದ್ದರೆ ದೋಷ ಐಡಲ್ ದಾರಿಯಲ್ಲಿದೆ (ಐಡ್ಲಿಂಗ್ ಹೊತ್ತಿನಲ್ಲಿ ಪೆಟ್ರೋಲ್ ಬರುವ ದಾರಿ), ಇಲ್ಲವೇ ಸಣ್ಣ ತೊಟ್ಟಿಕ್ಕುವಿಕೆ ಇದೆ. ಹೆಚ್ಚು ಗಾಳಿ ಬಂದಾಗ ಆ ತೊಟ್ಟು ಲೆಕ್ಕಕ್ಕೆ ಬರುವುದಿಲ್ಲ. ಎರಡರಲ್ಲೂ 5ರ ಮೇಲೇ ನಿಂತರೆ ಚೋಕ್, ಫ್ಲೋಟ್ (ಕಾರ್ಬುರೇಟರಿನೊಳಗಿನ ಪೆಟ್ರೋಲ್ ಮಟ್ಟ ಕಾಯುವ ತೇಲುಬುಂಡೆ) ಮಟ್ಟ, ಮೇನ್ ಜೆಟ್ ಅಥವಾ ಪವರ್ ವಾಲ್ವ್ (ಹೆಚ್ಚು ಬಲ ಬೇಕಾದಾಗ ಮಾತ್ರ ಹೆಚ್ಚುವರಿ ಪೆಟ್ರೋಲ್ ಬಿಡುವ ವಾಲ್ವ್). ಐಡ್ಲಿಂಗ್‌ನಲ್ಲಿ ಸರಿಯಿದ್ದು ರೇಸಿನಲ್ಲಿ ಮಾತ್ರ ಏರಿದರೆ ಮೇನ್ ಜೆಟ್, ಅದರ ಏರ್ ಜೆಟ್. ಟ್ಯೂನಿಂಗ್ ಎಂದು ಎರಡು ಸಲ ತಿರುಗಿಸಿದ ಮಿಕ್ಸ್ಚರ್ ಸ್ಕ್ರೂ ಐಡಲ್ ದಾರಿಯನ್ನಷ್ಟೇ ಆಳುತ್ತದೆ. ಮೂರನೇ ಗೇರಿನಲ್ಲಿ ಓಡುವಾಗ ಸುರಿಯುವ ಪೆಟ್ರೋಲಿಗೂ ಅದಕ್ಕೂ ಹೆಚ್ಚಿನ ನಂಟಿಲ್ಲ.

ಕೆಲಸಕ್ಕೆ ಇಳಿಯುವ ಮುನ್ನ: ಶೆಡ್ಡಿನೊಳಗೆ ಬೇಡ, ಬಯಲಲ್ಲಿ ಮಾಡಿ. ಇಷ್ಟು ಸಿ.ಒ. ಉಗುಳುವ ಎಂಜಿನ್ ಮುಚ್ಚಿದ ಜಾಗದಲ್ಲಿ ಜೀವಕ್ಕೇ ಅಪಾಯ. ಪೆಟ್ರೋಲ್ ಪೈಪ್ ಬಿಚ್ಚುವ ಮೊದಲು ಎಂಜಿನ್ ಆರಲಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಪುಡಿ ತುಂಬಿದ ಫೈರ್ ಎಕ್ಸ್‌ಟಿಂಗ್ವಿಶರ್ ಕೈಗೆಟುಕುವಂತಿರಲಿ. ಕಾರ್ಬುರೇಟರಿನೊಳಗೆ ಇಣುಕುವಾಗ ಕನ್ನಡಕ ಹಾಕಿಕೊಳ್ಳಿ; ಒಮ್ಮೊಮ್ಮೆ ಹಿಂದಕ್ಕೆ ಬೆಂಕಿ ಉಗುಳುತ್ತದೆ.

ಮೊದಲ ತಪಾಸಣೆ ಡಿಪ್‌ಸ್ಟಿಕ್. ತೆಗೆದು ಮೂಸಿ ನೋಡಿ. ಆಯಿಲ್ ಮಟ್ಟ ಮೇಲಿನ ಗುರುತು ದಾಟಿದ್ದರೆ, ನೀರಿನಂತೆ ತೆಳುವಾಗಿ ಪೆಟ್ರೋಲ್ ವಾಸನೆ ಬಂದರೆ, ನೀವು ಹುಡುಕುತ್ತಿರುವ ಪೆಟ್ರೋಲ್ ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿದೆ. 800ರ ಪೆಟ್ರೋಲ್ ಪಂಪ್ ಎಂಜಿನ್ ಓಡಿಸುವ ಡಯಾಫ್ರಂ ಪಂಪ್. ಒಳಗಿನ ಡಯಾಫ್ರಂ ಹರಿದರೆ ಪೆಟ್ರೋಲ್ ನೇರ ಎಂಜಿನ್ನಿಗೆ ಇಳಿಯಬಹುದು. ಸಿಲಿಂಡರಿನ ಗೋಡೆ ತೊಳೆದುಕೊಂಡು ಇಳಿದರೂ ಹೀಗೇ ಆಗುತ್ತದೆ. ಇದರಲ್ಲಿ ಇನ್ನೊಂದು ಸುಳಿ ಇದೆ. ಆಯಿಲಿಗೆ ಬೆರೆತ ಪೆಟ್ರೋಲ್ ಬಿಸಿಯಾದಾಗ ಆವಿಯಾಗಿ, ಬ್ರೀದರ್ ಹೋಸಿನ (ಎಂಜಿನ್ನಿನೊಳಗಿನ ಆವಿ ಹೊರಹೋಗುವ ಕೊಳವೆ) ಮೂಲಕ ಮತ್ತೆ ಎಂಜಿನ್ನಿಗೇ ಸೇರಿ ಐಡ್ಲಿಂಗ್ ಗಟ್ಟಿ ಮಾಡುತ್ತದೆ. ಬ್ರೀದರ್ ಹೋಸ್ ಕಳಚಿ ಎರಡೂ ತುದಿ ಮುಚ್ಚಿ ಒಂದು ನಿಮಿಷ ಓಡಿಸಿದಾಗ ನಡುಕ ನಿಂತರೆ ಅದೇ ಕಾರಣ. ಅಂಥ ಆಯಿಲಿನಲ್ಲಿ ಇನ್ನೊಂದು ದಿನವೂ ಘಾಟಿ ಹತ್ತಿಸಬೇಡಿ, ಬೇರಿಂಗ್ ಹೋಗುತ್ತದೆ. ಪಂಪ್ ಬದಲಿಸಿ, ಆಯಿಲ್ ಮತ್ತು ಫಿಲ್ಟರ್ ಹೊಸದು ಹಾಕಿ.

ಎರಡನೆಯದು ಚೋಕ್. ಡ್ಯಾಶ್‌ಬೋರ್ಡಿನ ಚೋಕ್ ಗುಂಡಿ ಪೂರ್ತಿ ಒಳಗಿದೆ ಎಂದಮಾತ್ರಕ್ಕೆ ಚೋಕ್ ತೆರೆದಿದೆ ಎಂದಲ್ಲ. ಏರ್ ಫಿಲ್ಟರಿನ ಮುಚ್ಚಳ ತೆಗೆದು ಕಾರ್ಬುರೇಟರಿನ ಬಾಯಿಗೆ ಟಾರ್ಚ್ ಬಿಡಿ. ಮೇಲೆಯೇ ಕಾಣುವ ತಗಡಿನ ಬಿಲ್ಲೆ ಅಂಚು ಮಾತ್ರ ಕಾಣುವಂತೆ ನೆಟ್ಟಗೆ ನಿಂತಿರಬೇಕು. ಸ್ವಲ್ಪ ವಾಲಿದ್ದರೂ ಕೆಲಸ ಕೆಡಿಸುತ್ತದೆ. ಬೆರಳಿನಿಂದ ತಳ್ಳಿದಾಗ ಇನ್ನೂ ತೆರೆದುಕೊಂಡರೆ ಕೇಬಲ್ ಎಳೆದು ಹಿಡಿದಿದೆ ಎಂದರ್ಥ. ಕೇಬಲ್ಲಿನ ಹೊರಕವಚ ಹಿಡಿದ ಕ್ಲಾಂಪ್ ಜಾರುವುದು, ಒಳತಂತಿ ತುಕ್ಕು ಹಿಡಿಯುವುದು ಎರಡೂ ಸಾಮಾನ್ಯ. ಮಡಿಕೇರಿಯ ಮಳೆಗೆ ತುಕ್ಕಿನದೇ ಹೆಚ್ಚು ಸಂಭವ. ತಂತಿ ಹಿಡಿದ ಸ್ಕ್ರೂ ಸಡಿಲಿಸಿ, ಗುಂಡಿ ಒಳಗಿರುವಾಗ ತಂತಿಯಲ್ಲಿ ಒಂದು ಮಿಲಿಮೀಟರ್‌ನಷ್ಟು ಸಡಿಲ ಉಳಿಯುವಂತೆ ಮತ್ತೆ ಬಿಗಿಯಿರಿ. ರಿಚ್ ಎಂದು ಕಾರ್ಬುರೇಟರ್ ಬಿಚ್ಚಿಸಿಕೊಂಡ ಗಾಡಿಗಳಲ್ಲಿ ಎಷ್ಟೋ ಬರೀ ಈ ಸ್ಕ್ರೂ ಕೇಳುತ್ತಿರುತ್ತವೆ.

ಏರ್ ಫಿಲ್ಟರ್ ಬದಲಿಸಿದರೂ ಫಲ ಸಿಗದ್ದಕ್ಕೆ ಕಾರಣವಿದೆ. ಈ ಬಗೆಯ ಕಾರ್ಬುರೇಟರುಗಳಲ್ಲಿ ಫ್ಲೋಟ್ ಚೇಂಬರಿನ ಉಸಿರಾಟದ ಕೊಳವೆ ಫಿಲ್ಟರ್ ದಾಟಿ ಬಂದ ಗಾಳಿಗೇ ತೆರೆದಿರುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಚೇಂಬರಿನ ಮೇಲಿನ ಒತ್ತಡವೂ ಜೊತೆಗೇ ಇಳಿಯುವುದರಿಂದ ಮಿಶ್ರಣ ಅಷ್ಟಾಗಿ ಬದಲಾಗದು, ಪಿಕಪ್ ಮಾತ್ರ ಸಾಯುತ್ತದೆ. ಚೋಕ್ ಬಿಲ್ಲೆ ಹಾಗಲ್ಲ. ಅದು ಗಾಳಿಯನ್ನು ಮಾತ್ರ ತಡೆಯುತ್ತದೆ, ಚೇಂಬರಿನ ಒತ್ತಡ ಹಾಗೇ ಉಳಿಯುತ್ತದೆ, ಪೆಟ್ರೋಲ್ ಉಕ್ಕುತ್ತದೆ. ಹಿಂದೆ ಯಾರಾದರೂ ಗ್ಯಾಸ್ ಕಿಟ್ ಹಾಕಿಸಿ ತೆಗೆಸಿದ್ದರೆ ಅದರ ಮಿಕ್ಸರ್ ಬಿಲ್ಲೆ ಬಾಯಲ್ಲೇ ಉಳಿದಿದೆಯೇ ನೋಡಿ. ಅದೂ ಅರ್ಧ ಚೋಕಿನಂತೆಯೇ.

ಈಗ ಮುಖ್ಯವಾದ ನೋಟ. ಎಂಜಿನ್ ಪೂರ್ತಿ ಬಿಸಿಯಾಗಲಿ, ಐಡ್ಲಿಂಗ್‌ನಲ್ಲಿರಲಿ. ಟಾರ್ಚ್ ಹಿಡಿದು ಕಾರ್ಬುರೇಟರಿನ ಗಂಟಲಿನ ನಡುವೆ ಇರುವ ಸಣ್ಣ ವೆಂಚುರಿಯನ್ನೂ (ಇಕ್ಕಟ್ಟಾದ ಉಂಗುರ) ಅದರೊಳಗಿನ ನಾಜಲನ್ನೂ ಗಮನಿಸಿ. ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಥ್ರಾಟಲ್ ಬಿಲ್ಲೆಯ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಬಿಲ್ಲೆ) ಕೆಳಗಿನ ಸಣ್ಣ ತೂತಿನಿಂದ ಬರಬೇಕು. ನಡುವಿನ ನಾಜಲ್ ಒಣಗಿರಬೇಕು. ಅಲ್ಲಿ ಹನಿ ಕಟ್ಟಿ, ಥ್ರಾಟಲ್ ಬಿಲ್ಲೆಯ ಮೇಲೆ ಟಪಟಪ ಬಿದ್ದು, ಬಿಲ್ಲೆ ಒದ್ದೆಯಾಗಿ ಹೊಳೆಯುತ್ತಿದ್ದರೆ ಓವರ್‌ಫ್ಲೋ ಆಗುತ್ತಿದೆ. ಎಂಜಿನ್ ಆಫ್ ಮಾಡಿ ಇನ್ನರ್ಧ ನಿಮಿಷ ನೋಡುತ್ತಿರಿ. ಆಫ್ ಆದ ಮೇಲೂ ಹನಿ ಬೀಳುತ್ತಿದ್ದರೆ ನೀಡಲ್ ವಾಲ್ವ್ (ಫ್ಲೋಟ್ ಮೇಲೇರಿದಾಗ ಪೆಟ್ರೋಲ್ ತಡೆಯುವ ಸೂಜಿ) ಮುಚ್ಚುತ್ತಿಲ್ಲ. (ಬಹಳ ಬಿಸಿಯಾಗಿ ನಿಂತ ಎಂಜಿನ್ನಿನಲ್ಲಿ ಹತ್ತು ನಿಮಿಷದ ನಂತರ ಒಂದೆರಡು ಹನಿ ಕುದಿದು ಹೊರಬರುವುದು ಬೇರೆ; ಅದು ರೋಗವಲ್ಲ.) ಫ್ಲೋಟ್ ಚೇಂಬರಿನ ಮುಖದಲ್ಲಿ ದುಂಡಗಿನ ಗಾಜಿನ ಕಿಂಡಿ ಇದ್ದರೆ ಪೆಟ್ರೋಲ್ ಮಟ್ಟ ಅದರ ನಡುವಿನ ಗುರುತಿನಲ್ಲಿರಬೇಕು. ಗಾಜೆಲ್ಲ ತುಂಬಿದ್ದರೆ ಉತ್ತರ ಅಲ್ಲೇ ಸಿಕ್ಕಿತು.

ನಾಜಲ್ ಒಣಗಿದೆಯೇ? ಹಾಗಾದರೆ ಮಿಕ್ಸ್ಚರ್ ಸ್ಕ್ರೂವನ್ನು ಪರೀಕ್ಷೆಗೆ ಬಳಸಿ. ಈಗಿರುವ ಜಾಗದಿಂದ ಎಷ್ಟು ಸುತ್ತು ಒಳಗೆ ಹೋಗುತ್ತದೆ ಎಂದು ಎಣಿಸುತ್ತಾ ಬಲಕ್ಕೆ ತಿರುಗಿಸಿ. ತಳ ಮುಟ್ಟಿದ ಕೂಡಲೇ ನಿಲ್ಲಿಸಿ. ಒತ್ತಿ ಬಿಗಿದರೆ ಸೂಜಿಯಂಥ ತುದಿಯಲ್ಲಿ ಗೆರೆ ಬೀಳುತ್ತದೆ, ಮತ್ತೆಂದೂ ಸರಿಯಾಗಿ ಟ್ಯೂನ್ ಆಗುವುದಿಲ್ಲ. ಸ್ಕ್ರೂ ಪೂರ್ತಿ ಒಳಗೆ ಹೋದಾಗ ಎಂಜಿನ್ ನಿಂತುಹೋಗಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಪೆಟ್ರೋಲ್ ಬೇರೆ ದಾರಿಯಿಂದ ಬರುತ್ತಿದೆ. ಆದರೆ ಒಂದು ಎಚ್ಚರಿಕೆ: ನಡುಕ ಮುಚ್ಚಲು ಸ್ಪೀಡ್ ಸ್ಕ್ರೂ ಬಿಗಿದು ಐಡ್ಲಿಂಗ್ ಏರಿಸಿಟ್ಟಿದ್ದರೆ ಥ್ರಾಟಲ್ ಬಿಲ್ಲೆ ಮೇಲಿನ ತೂತುಗಳನ್ನೂ ತೆರೆದಿರುತ್ತದೆ, ಆಗ ಮಿಕ್ಸ್ಚರ್ ಸ್ಕ್ರೂಗೆ ಗಾಡಿ ಕೇರ್ ಮಾಡುವುದೇ ಇಲ್ಲ. ಮೊದಲು ಸ್ಪೀಡ್ ಸ್ಕ್ರೂ ಇಳಿಸಿ ಆಮೇಲೆ ಈ ಪರೀಕ್ಷೆ ಮಾಡಿ.

ರಿಚ್ ಹೌದೋ ಅಲ್ಲವೋ ಎಂಬ ಅನುಮಾನವೇ ಇದ್ದರೆ, ಮ್ಯಾನಿಫೋಲ್ಡಿಗೆ (ಕಾರ್ಬುರೇಟರಿನಿಂದ ಸಿಲಿಂಡರುಗಳಿಗೆ ಹೋಗುವ ಕೊಳವೆ) ನೇರ ಹೋಗುವ ಒಂದು ಸಣ್ಣ ವ್ಯಾಕ್ಯೂಮ್ ಹೋಸನ್ನು ಕಳಚಿ ಹೆಬ್ಬೆರಳಿನಿಂದ ಮುಚ್ಚಿ, ಬೆರಳನ್ನು ಕೂದಲೆಳೆಯಷ್ಟು ಸರಿಸಿ. ಆ ಚೂರು ಗಾಳಿಗೆ ಎಂಜಿನ್ ನಯವಾಗಿ ಸ್ಪೀಡ್ ಏರಿದರೆ ರಿಚ್ ಎಂಬುದು ಖಚಿತ. ಇನ್ನಷ್ಟು ನಡುಗಿದರೆ ಅಲ್ಲ.

ಪ್ಲಗ್ ಓದುವುದಕ್ಕೂ ಕ್ರಮವಿದೆ. ಮನೆಗೆ ಬಂದು ಐದು ನಿಮಿಷ ಐಡ್ಲಿಂಗ್ ಬಿಟ್ಟು ಬಿಚ್ಚಿದ ಪ್ಲಗ್ ಐಡ್ಲಿಂಗಿನ ಕಥೆ ಮಾತ್ರ ಹೇಳುತ್ತದೆ. ಎಂಟು-ಹತ್ತು ಕಿ.ಮೀ. ಒಂದೇ ಸಮನೆ ಓಡಿಸಿ, ಖಾಲಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿದ ತಕ್ಷಣ ಆಫ್ ಮಾಡಿ, ಆರಿದ ಮೇಲೆ ಬಿಚ್ಚಿ. ಇಳಿಜಾರಿನಲ್ಲಿ ಚಲಿಸುತ್ತಿರುವಾಗ ಕೀ ತಿರುಗಿಸಬೇಡಿ, ಸ್ಟಿಯರಿಂಗ್ ಲಾಕ್ ಆದೀತು. ಒಣ ಮಸಿ, ಬೆರಳಿಗೆ ಕಾಡಿಗೆಯಂತೆ ಮೆತ್ತುವಂಥದ್ದು ಪೆಟ್ರೋಲಿನದು. ಜಿಡ್ಡಾಗಿ ಹೊಳೆಯುವ ಕಪ್ಪು ಆಯಿಲಿನದು, ಅದು ರಿಂಗ್ ಅಥವಾ ವಾಲ್ವ್ ಸೀಲಿನ ಕೆಲಸ. ಮೂರೂ ಒಂದೇ ಬಣ್ಣವಾದರೆ ಕಾರ್ಬುರೇಟರ್. ಒಂದೇ ಕಪ್ಪಾಗಿದ್ದರೆ ಆ ಸಿಲಿಂಡರಿನ ಕಿಡಿ ಅಥವಾ ಕಂಪ್ರೆಷನ್. ನಿಮ್ಮಲ್ಲಿ ಮೂರೂ ಕಪ್ಪು.

ನಿಮ್ಮ ಎಲ್ಲ ಲಕ್ಷಣ ಸೇರಿಸಿದರೆ ನನ್ನ ಅನುಮಾನ ನೀಡಲ್ ವಾಲ್ವ್ ಮತ್ತು ಫ್ಲೋಟ್ ಮೇಲಿದೆ. ಹಳೆಯ ರಬ್ಬರ್ ತುದಿಯ ನೀಡಲ್‌ಗಳು ಎಥನಾಲಿಗೆ ಊದಿಕೊಳ್ಳುತ್ತವೆ, ಗಟ್ಟಿಯಾಗುತ್ತವೆ. ಕೂರುವ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ಖಚಿತ ಮಾಡಿಕೊಳ್ಳಲು, ಎಂಜಿನ್ ಆರಿದ ಮೇಲೆ ಪಂಪಿನಿಂದ ಕಾರ್ಬುರೇಟರಿಗೆ ಬರುವ ಪೈಪ್ ಕಳಚಿ, ಸಣ್ಣ ಬಾಟಲಿಗೆ ಜೋಡಿಸಿದ ಪೆಟ್ರೋಲ್ ಹೋಸನ್ನು ಅಲ್ಲಿಗೆ ಸಿಕ್ಕಿಸಿ, ಬಾಟಲಿಯನ್ನು ಅರ್ಧ ಮೀಟರ್ ಎತ್ತರಕ್ಕೆ ಹಿಡಿಯಿರಿ. ಎಂಜಿನ್ ಸ್ಟಾರ್ಟ್ ಮಾಡಬೇಡಿ. ಅಷ್ಟು ಎತ್ತರದಿಂದ ಬೀಳುವ ಒತ್ತಡ 0.04 ಬಾರ್‌ನಷ್ಟೇ, ಇಂಥ ಪಂಪುಗಳು ಸಾಮಾನ್ಯವಾಗಿ 0.2 ಬಾರ್ ಅಥವಾ ಅದಕ್ಕಿಂತ ಹೆಚ್ಚು ಕೊಡುತ್ತವೆ. ಅಷ್ಟು ಕಡಿಮೆ ಒತ್ತಡಕ್ಕೂ ನಾಜಲಿನಿಂದ ತೊಟ್ಟಿಕ್ಕಿದರೆ ನೀಡಲ್ ಕೆಟ್ಟಿದೆ ಅಥವಾ ಫ್ಲೋಟ್ ಮುಳುಗುತ್ತಿದೆ. ಬಾಟಲಿಗೆ ಸುಮ್ಮನಿದ್ದು ಪಂಪಿಗೆ ಮಾತ್ರ ಉಕ್ಕಿದರೆ ಪಂಪಿನ ಒತ್ತಡ ನೋಡಿ. ಟ್ಯಾಂಕಿಗೆ ಹಿಂದಿರುಗುವ ರಿಟರ್ನ್ ಪೈಪ್ ಮಡಚಿ ಅಥವಾ ಕಟ್ಟಿಕೊಂಡು ಒತ್ತಡ ಏರಿರಬಹುದು.

ಮೇಲಿನ ಮುಚ್ಚಳ ಬಿಚ್ಚಿದಾಗ ನೀಡಲಿನ ಶಂಕುವಿನ ಮೇಲೆ ಉಗುರು ಓಡಿಸಿ. ಸುತ್ತಲೂ ಒಂದು ಗೆರೆ ಉಗುರಿಗೆ ತಡೆದರೆ ಸಾಕು, ನೀಡಲ್ ಮತ್ತು ಸೀಟ್ ಎರಡನ್ನೂ ಜೋಡಿಯಾಗಿ ಬದಲಿಸಿ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ಅದು ತೂತಾಗಿದೆ. ಸದ್ದಿಲ್ಲದಿದ್ದರೂ ಬಿಸಿನೀರಿನಲ್ಲಿ ಮುಳುಗಿಸಿ ನೋಡಿ, ಗುಳ್ಳೆ ಬಂದ ಜಾಗವೇ ತೂತು. ರಿಪೇರಿ ಕಿಟ್ಟಿನಲ್ಲಿ ಸೀಟಿನ ಕೆಳಗಿನ ವಾಷರನ್ನು ಹಳೆಯದರೊಂದಿಗೆ ಹೋಲಿಸಿ. ವಾಷರ್ ತೆಳುವಾದರೆ ನೀಡಲ್ ಮುಚ್ಚುವುದು ತಡವಾಗಿ ಪೆಟ್ರೋಲ್ ಮಟ್ಟ ಏರುತ್ತದೆ, ಹೊಸ ಕಿಟ್ ಹಾಕಿಯೂ ಗಾಡಿ ರಿಚ್ ಆಗಿಯೇ ಉಳಿಯುತ್ತದೆ. ಮಟ್ಟ ಹೊಂದಿಸುವುದು ಫ್ಲೋಟಿನ ಸಣ್ಣ ನಾಲಿಗೆ ಬಗ್ಗಿಸಿ. ಅಳತೆ ಕಾರ್ಬುರೇಟರಿನಿಂದ ಕಾರ್ಬುರೇಟರಿಗೆ ಬೇರೆ, ಕಿಟ್ಟಿನ ಚೀಟಿ ನೋಡಿ ಮಾಡಿ.

ಅದೇ ಹೊತ್ತಿಗೆ ಜೆಟ್‌ಗಳನ್ನೂ ನೋಡಿ. ಪಿನ್ನು, ತಾಮ್ರದ ತಂತಿ ಹಾಕಿ ಕೆದಕುವ ಅಭ್ಯಾಸ ಜೆಟ್ಟನ್ನು ಹಾಳುಮಾಡುತ್ತದೆ. ಒಂದು ಮಿಲಿಮೀಟರ್ ತೂತು 1.05 ಆದರೆ ಕಣ್ಣಿಗೆ ಕಾಣದು, ಹರಿಯುವ ಪೆಟ್ರೋಲ್ ಮಾತ್ರ ಶೇ. 10 ಹೆಚ್ಚುತ್ತದೆ. ಜೆಟ್ ಸಡಿಲವಾಗಿದ್ದರೂ ಪಕ್ಕದಿಂದ ನುಗ್ಗುತ್ತದೆ. ಏರ್ ಜೆಟ್‌ಗಳನ್ನು ಮರೆಯುವವರೇ ಹೆಚ್ಚು: ಪೆಟ್ರೋಲ್ ಜೆಟ್ ಕಟ್ಟಿದರೆ ಗಾಡಿ ಲೀನ್ (ಮಿಶ್ರಣ ತೆಳು), ಏರ್ ಜೆಟ್ ಕಟ್ಟಿದರೆ ರಿಚ್. ಕಾರ್ಬುರೇಟರ್ ಕ್ಲೀನರ್ ಬಿಟ್ಟು ಗಾಳಿ ಊದಿ, ಬೆಳಕಿಗೆ ಹಿಡಿದು ತೂತು ದುಂಡಗೆ ಕಾಣುತ್ತದೆಯೇ ನೋಡಿ. ಪವರ್ ವಾಲ್ವಿನ ಡಯಾಫ್ರಂ ಹರಿದಿದ್ದರೆ ಅಥವಾ ಅದಕ್ಕೆ ವ್ಯಾಕ್ಯೂಮ್ ತಲುಪದಿದ್ದರೆ ವಾಲ್ವ್ ಸದಾ ತೆರೆದೇ ಇರುತ್ತದೆ.

ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಇದೆಯೇ ಎಂದೂ ಕೇಳಿ ತಿಳಿದುಕೊಳ್ಳಿ. ‘ಹೀಟ್ ಆಗಬಾರದು’ ಎಂದು ಅದನ್ನು ತೆಗೆದುಹಾಕುವ ಪದ್ಧತಿ ನಮ್ಮಲ್ಲಿ ಬಲವಾಗಿದೆ. ಮಡಿಕೇರಿಯ ಚಳಿಗೆ ಅದಿಲ್ಲದ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ. ಪೆಟ್ರೋಲ್ ಆವಿಯಾಗದೆ ಹನಿಯಾಗಿಯೇ ಒಳಹೋಗುತ್ತದೆ. ಟೆಂಪರೇಚರ್ ಮುಳ್ಳು ಹದಿನೈದು ನಿಮಿಷದಲ್ಲೂ ತಳದಲ್ಲೇ ಇದ್ದರೆ ಹೊಸದು ಹಾಕಿಸಿ. 2000ದ ನಂತರದ ಎಂಪಿಎಫ್ಐ (ಕಾರ್ಬುರೇಟರ್ ಬದಲು ಇಂಜೆಕ್ಟರುಗಳಿರುವ) ಗಾಡಿಯವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಎಂಜಿನ್ ತಣ್ಣಗಿದೆ ಎಂದೇ ನಂಬಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲ್ ಹೆಚ್ಚಿಸುತ್ತಲೇ ಇರುತ್ತದೆ. ಅಂಥವರು ಕೂಲಂಟ್ ಸೆನ್ಸರನ್ನು ಮಲ್ಟಿಮೀಟರಿನಲ್ಲಿ ಅಳೆಯಲಿ: 20 ಡಿಗ್ರಿಯಲ್ಲಿ ಸುಮಾರು 2.5 ಕಿಲೋ ಓಂ, 80 ಡಿಗ್ರಿಯಲ್ಲಿ ಸುಮಾರು 300 ಓಂ. ಪ್ರೆಷರ್ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸಿನಲ್ಲಿ ಪೆಟ್ರೋಲ್ ಕಂಡರೆ ರೆಗ್ಯುಲೇಟರ್ ಹೋಗಿದೆ. ಮ್ಯಾಪ್ ಸೆನ್ಸರಿನ (ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಸೆನ್ಸರ್) ಹೋಸ್ ಸೀಳಿದ್ದರೂ ರಿಚ್ ಆಗುತ್ತದೆ.

ದೋಷ ಸಿಕ್ಕಿ ಸರಿಪಡಿಸಿದ ಮೇಲೆ ಮಿಕ್ಸ್ಚರ್ ಸ್ಕ್ರೂ ಸರದಿ. ಪ್ಲಗ್ ಹೊಸದು ಹಾಕಿ ಇಲ್ಲವೇ ತೊಳೆದು ಗ್ಯಾಪ್ 0.7–0.8 ಮಿ.ಮೀ.ಗೆ ತನ್ನಿ. ಎಂಜಿನ್ ಬಿಸಿ, ಚೋಕ್ ಒಳಗೆ, ಏರ್ ಫಿಲ್ಟರ್ ಜಾಗದಲ್ಲಿ, ಲೈಟು-ಫ್ಯಾನು ಆಫ್. ಸ್ಕ್ರೂವನ್ನು ಮೆತ್ತಗೆ ತಳ ಮುಟ್ಟಿಸಿ ಎರಡು ಸುತ್ತು ಹೊರಗೆ ತಂದು ಸ್ಟಾರ್ಟ್ ಮಾಡಿ. ಎಂಜಿನ್ ಅತಿ ವೇಗವಾಗಿ, ನಯವಾಗಿ ಓಡುವ ಜಾಗ ಹುಡುಕಿ, ಬಾನೆಟ್ಟಿನ ಸ್ಟಿಕರಿನಲ್ಲಿರುವ ಆರ್‌ಪಿಎಂಗೆ ಸ್ಪೀಡ್ ಸ್ಕ್ರೂನಿಂದ ಇಳಿಸಿ. ಇದನ್ನು ಎರಡು-ಮೂರು ಸಲ ಮಾಡಿ. ಕೊನೆಗೆ ಮಿಕ್ಸ್ಚರ್ ಸ್ಕ್ರೂವನ್ನು ಸ್ಪೀಡ್ ಇಷ್ಟೇ ಇಷ್ಟು ಇಳಿಯುವವರೆಗೆ ಒಳಕ್ಕೆ ತಿರುಗಿಸಿ ಬಿಡಿ. ಕಾಲು ಸುತ್ತಿಗಿಂತ ಹೆಚ್ಚು ಬೇಕಾಗುವುದಿಲ್ಲ. ತಳದಿಂದ ಎಷ್ಟು ಸುತ್ತು ಎಂದು ಬರೆದಿಟ್ಟುಕೊಳ್ಳಿ.

ಮೈಲೇಜನ್ನು ಅದೇ ಬಂಕಿನಲ್ಲಿ ಆಟೋ ಕಟ್ ಆಗುವವರೆಗೆ ತುಂಬಿಸಿ, 200 ಕಿ.ಮೀ. ಓಡಿಸಿ, ಮತ್ತೆ ಅಷ್ಟೇ ತುಂಬಿಸಿ ಲೆಕ್ಕ ಹಾಕಿ. ಘಾಟಿಯ ಓಟವನ್ನೂ ಊರೊಳಗಿನದನ್ನೂ ಬೇರೆ ಬೇರೆ ಬರೆಯಿರಿ. ಆಮೇಲೆ ಎಮಿಷನ್ ಟೆಸ್ಟಿಗೆ ಹೋಗಿ, ಎರಡು ರೀಡಿಂಗ್ ಕೇಳಿ. ಐಡ್ಲಿಂಗ್‌ನಲ್ಲಿ 3ರೊಳಗೆ ಬಂದು 2,500ರಲ್ಲಿ ಇನ್ನೂ 5ರ ಮೇಲಿದ್ದರೆ ಮೇನ್ ಜೆಟ್ ಮತ್ತು ಪವರ್ ವಾಲ್ವನ್ನು ಮತ್ತೊಮ್ಮೆ ಬಿಚ್ಚಬೇಕಾಗುತ್ತದೆ, ಸ್ಕ್ರೂ ಮುಟ್ಟಬೇಡಿ. ಮಂಗಳೂರಿಗೆ ಇಳಿದಾಗ ಐಡ್ಲಿಂಗ್ ತೆಳುವೆನಿಸಿದರೆ ಸ್ಕ್ರೂ ಸ್ವಲ್ಪ ಹೊರಗೆ ತಂದು, ವಾಪಸು ಬಂದಾಗ ಬರೆದಿಟ್ಟ ಸುತ್ತಿಗೇ ತಿರುಗಿಸಿ.